ಹೊಸ ಮಾರ್ಕೆಟ್ಟಿನ ಬೋಣಿ

ಮುಳಬಾಗಿಲಿನ ಹಳೇ ಸಂತೆ ಬೀದಿಯಲ್ಲಿ ಕೋದಂಡರಾಮಪ್ಪ ಬೆಳಗ್ಗೆ ಮನೆಯಿಂದ ಹೊರಗೆ ಕಾಲಿಡುವವರೆಗೆ ಒಂದು ಕಟ್ಟು ಕೊತ್ತಂಬರಿಯೂ ಮಾರಾಟವಾಗುತ್ತಿರಲಿಲ್ಲ. ಹಾಗಂತ ಕೊಳ್ಳುವವರಿಗೇನೂ ಬರವಿರಲಿಲ್ಲ. ವಾಕಿಂಗ್ ಮುಗಿಸಿದವರು, ಮಕ್ಕಳ ಊಟದ ಡಬ್ಬಿಗೆ ತರಕಾರಿ ಬೇಕಾದವರು, ಹೋಟೆಲಿನವರು ಎಲ್ಲರೂ ಬಂದು ನಿಂತಿರುತ್ತಿದ್ದರು. ಮಾರುವವರೇ ಕೊಡುತ್ತಿರಲಿಲ್ಲ. "ಇನ್ನೂ ಬೋಣಿ ಆಗಿಲ್ಲಮ್ಮ, ಕಂಟ್ರೋಲರ್ ಸಾರ್ ಬಂದ್ಬಿಡ್ಲಿ, ಒಂದು ನಿಮಿಷ ತಡ್ಕಳಿ" ಎಂದು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಾ ಕೂತುಬಿಡುತ್ತಿದ್ದರು.

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಮೊದಲು ಕೊಂಡವರ ಕೈಗುಣ ಚೆನ್ನಾಗಿದ್ದರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ, ಇಲ್ಲದಿದ್ದರೆ ಸಂಜೆಯ ತನಕ ನೊಣ ಓಡಿಸುವುದೇ ಕೆಲಸ ಎಂದು ಆ ಬೀದಿಯ ನಂಬಿಕೆ. ಬೋಣಿ ಮಾಡುವವರಿಗೂ ಕಟ್ಟುಪಾಡುಗಳಿವೆ. ಬೆಲೆ ಕೇಳಬಾರದು, ಚೌಕಾಸಿ ಮಾಡಬಾರದು, ಎಳೆಯದು ಬಲಿತದ್ದು ಎಂದು ಆರಿಸಬಾರದು, ಕೈಗೆ ತೆಗೆದುಕೊಂಡ ಮೇಲೆ ಬೇಡವೆನ್ನಬಾರದು. ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು, ನೋಟು ಕೊಟ್ಟು, ಉಳಿದದ್ದನ್ನು ಎಣಿಸದೆ ಜೇಬಿಗಿಟ್ಟುಕೊಂಡು ನಗುತ್ತಾ ಮುಂದೆ ಹೋಗಬೇಕು. ಕೋದಂಡರಾಮಪ್ಪನಿಗೆ ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ನಗುತ್ತಾ ಮುಂದೆ ಹೋಗುವುದು.

ಅವನು ಕೆಲಸದಲ್ಲಿದ್ದಷ್ಟು ದಿನವೂ ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಮೈಕಿನ ಮುಂದೆ ಕೂತು "ಶ್ರೀನಿವಾಸಪುರದ ಕಡೆ ಹೋಗುವವರು ಎರಡನೇ ಅಂಕಣಕ್ಕೆ ಬನ್ನಿ" ಎಂದರೆ ಇಡೀ ಬಸ್ ಸ್ಟ್ಯಾಂಡು ಎದ್ದು ಓಡುತ್ತಿತ್ತು. ರಿಟೈರಾದ ಮಾರನೇ ದಿನ ಯಾರೂ ಓಡಲಿಲ್ಲ. ಅವನು ಏನು ಹೇಳಿದರೂ ಮನೆಯಲ್ಲಿ ಹೆಂಡತಿ ಗಂಗರತ್ನಮ್ಮ ಕೂಡ ಏಳುತ್ತಿರಲಿಲ್ಲ. ಹೀಗೆ ಮಂಕಾಗಿ ತಿರುಗುತ್ತಿದ್ದ ದಿನಗಳಲ್ಲೇ ಒಂದು ಬೆಳಗ್ಗೆ ದೇವರಾಯಸಮುದ್ರದ ಮುನಿಯಲ್ಲಮ್ಮನ ಹತ್ತಿರ ಒಂದು ಕಟ್ಟು ದಂಟಿನ ಸೊಪ್ಪು ಕೊಂಡ. ಅವಳ ಬುಟ್ಟಿ ಅಂದು ಹತ್ತು ಗಂಟೆಗೇ ಬರಿದಾಯಿತು. ಮಾರನೇ ದಿನ ಅವಳೇ ಕರೆದು ಕೊಟ್ಟಳು, ಅಂದೂ ಹಾಗೇ ಆಯಿತು. ಪಕ್ಕದ ನಿಂಬೆಹಣ್ಣಿನ ಆಂಜಿ ಇದನ್ನು ನೋಡಿ ಸುಮ್ಮನಿರುವ ಪೈಕಿ ಅಲ್ಲ. ಅವನೂ ಕರೆದ. ತಿಂಗಳೊಪ್ಪತ್ತಿನಲ್ಲಿ ಇಡೀ ಬೀದಿಗೆ ಕಂಟ್ರೋಲರ್ ಸಾರ್ ಕೈಯೇ ಬೇಕಾಯಿತು, ಮತ್ತು ಕಂಟ್ರೋಲರ್ ಸಾರ್ ಬೆನ್ನು ಮತ್ತೆ ನೆಟ್ಟಗಾಯಿತು.

ಇದರಿಂದ ತೊಂದರೆಯಾದದ್ದು ಗಂಗರತ್ನಮ್ಮನಿಗೆ ಮಾತ್ರ. ಇಬ್ಬರ ಮನೆಗೆ ದಿನಾ ಒಂದೊಂದು ಬುಟ್ಟಿಯಿಂದ ಒಂದಿಷ್ಟೆಂದರೂ ಮದುವೆ ಮನೆಯಷ್ಟು ತರಕಾರಿ ಬಂದು ಬೀಳುತ್ತಿತ್ತು. ಹಾಗಲಕಾಯಿ ಇಬ್ಬರೂ ಮುಟ್ಟುತ್ತಿರಲಿಲ್ಲ, ಅದೂ ದಿನಾ ಬರುತ್ತಿತ್ತು. ಅಕ್ಕಪಕ್ಕದವರಿಗೆ ಹಂಚಿ, ಹಸುವಿರುವವರಿಗೆ ಕೊಟ್ಟು, ಉಳಿದ ನಿಂಬೆಹಣ್ಣಿಗೆಲ್ಲ ಉಪ್ಪಿನಕಾಯಿ ಹಾಕಿ ಹಾಕಿ ಅವಳ ಅಟ್ಟದಲ್ಲಿ ಜಾಡಿ ಇಡಲು ಜಾಗವಿರಲಿಲ್ಲ.

"ರೀ, ಆ ಜನಕ್ಕೆ ಕೈ ತೋರಿಸಿ ಬಂದ್ರೆ ಸಾಲ್ದಾ? ಚೀಲ ಯಾಕೆ ತಗೊಂಡು ಹೋಗ್ತೀರ?" ಎಂದು ಅವಳು ಕೇಳುತ್ತಿದ್ದಳು.

"ಬೋಣಿ ಕಣೇ ಅದು, ಆಟ ಅಲ್ಲ" ಎನ್ನುತ್ತಿದ್ದ ಅವನು, ಗಂಭೀರವಾಗಿ.

ಇಂಥ ಬೀದಿಗೆ ಒಂದು ದಿನ ನಗರಸಭೆಯ ಇಂಜಿನಿಯರ್ ಅನಿತ ಸ್ಕೂಟಿಯಲ್ಲಿ ಬಂದಳು. ಮಾಲೂರಿನ ಕಡೆಯ ಹುಡುಗಿ, ಬಂದು ಮೂರು ವರ್ಷವಾಗಿತ್ತು, ಅಷ್ಟರಲ್ಲೇ ಊರಿನ ಚರಂಡಿಗಳೆಲ್ಲ ಅವಳಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿದ್ದವು. ಬೆಳೆಯುತ್ತಿರುವ ಊರಿಗೆ ಮುಂದಿನ ಇಪ್ಪತ್ತು ವರ್ಷಕ್ಕೆ ಎಲ್ಲಿ ರಸ್ತೆ, ಎಲ್ಲಿ ನೀರು, ಎಲ್ಲಿ ಬಸ್ಸು ಎಂದು ಯೋಜನೆ ಮಾಡಿದವರಲ್ಲಿ ಅವಳೂ ಒಬ್ಬಳು. ಅದರ ಮೊದಲ ಫಲವಾಗಿ ಬೈಪಾಸಿನ ಹತ್ತಿರ ಹೊಸ ಮಾರ್ಕೆಟ್ಟು ಎದ್ದು ನಿಂತಿತ್ತು. ಎತ್ತರದ ಛಾವಣಿ, ಸಿಮೆಂಟು ಕಟ್ಟೆಗಳು, ನಲ್ಲಿ, ಲಾರಿ ನಿಲ್ಲಲು ಬಯಲು, ಎಲ್ಲ ಇತ್ತು. ಜನ ಮಾತ್ರ ಇರಲಿಲ್ಲ. ನಾಲ್ಕು ನಾಯಿಗಳು ಕಟ್ಟೆಗೊಂದರಂತೆ ಮಲಗಿ ಸುಖವಾಗಿದ್ದವು.

ಅನಿತ ನೇರವಾಗಿ ಕೋದಂಡರಾಮಪ್ಪನ ಮನೆಗೆ ಬಂದು, ಊರಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಬಿಡಿಸಿದಳು. ಅದು ಸುರುಳಿ ಸುತ್ತಿಕೊಳ್ಳದಂತೆ ಗಂಗರತ್ನಮ್ಮ ನಾಲ್ಕು ಮೂಲೆಗೂ ಒಂದೊಂದು ಬದನೆಕಾಯಿ ಇಟ್ಟಳು.

"ಸರ್, ನೋಡಿ, ಇದು ನಿಮ್ಮ ಬೀದಿ" ಎಂದು ಅನಿತ ಬೆರಳಿಟ್ಟಳು. "ಬೆಳಗ್ಗೆ ಹೊತ್ತು ಇಲ್ಲಿಗೆ ಆಂಬುಲೆನ್ಸ್ ಬರೋಕಾಗಲ್ಲ. ಹೋದ ಸಲ ಮಳೆ ಬಂದಾಗ ಮನೆ ಒಳಗೆ ನೀರು ನುಗ್ಗಿತಲ್ಲ, ಅದಕ್ಕೂ ಇದೇ ಕಾರಣ. ಚರಂಡಿ ಇರೋದು ಬುಟ್ಟಿಗಳ ಕೆಳಗೆ. ಅದನ್ನ ತೆಗೆದು ದೊಡ್ಡದು ಹಾಕಬೇಕು ಅಂದ್ರೆ ಮಾರ್ಕೆಟ್ ಇಲ್ಲಿಂದ ಹೋಗಲೇಬೇಕು."

"ಹೋಗ್ಲಿ, ಯಾರು ಬೇಡ ಅಂದೋರು?"

"ಎಲ್ಲರೂ ಹೋಗ್ತೀವಿ ಅಂತಾರೆ ಸರ್. ಮೀಟಿಂಗ್ ಕರೆದಾಗ ಎಲ್ಲರೂ ತಲೆ ಆಡಿಸ್ತಾರೆ, ಬೆಳಗಾದ್ರೆ ಇಲ್ಲೇ ಕೂತಿರ್ತಾರೆ. ಕೊನೆಗೆ ನಿನ್ನೆ ನಾನೂ ಆಂಜಿ ಪಕ್ಕದಲ್ಲಿ ಗೋಣಿಚೀಲ ಹಾಕ್ಕೊಂಡು ಕೂತು ಕೇಳಿದೆ. 'ಅಲ್ಲಿ ಬೋಣಿ ಎವರು ಚೇಸ್ತಾರು ಮೇಡಂ?' ಅಂದ."

ಆಂಜಿ ಯೋಚನೆ ಬಿದ್ದಾಗ ತೆಲುಗಿಗೆ ಜಾರುತ್ತಾನೆಂಬುದು ಬೀದಿಗೆಲ್ಲ ಗೊತ್ತು. ಬೋಣಿ ಯಾರು ಮಾಡುತ್ತಾರೆಂಬ ಅವನ ಪ್ರಶ್ನೆಗೆ ಅನಿತ ನಗಲಿಲ್ಲ. ಛಾವಣಿ, ನೀರು, ಬೆಳಕು ಎಲ್ಲಕ್ಕೂ ಲೆಕ್ಕ ಹಾಕಿದ್ದ ಯೋಜನೆಯಲ್ಲಿ ಇದೊಂದು ಬಿಟ್ಟುಹೋಗಿತ್ತು, ಅದನ್ನೂ ಸೇರಿಸಿದರಾಯಿತು ಎಂಬಂತೆ ಬಂದಿದ್ದಳು. "ಶುಕ್ರವಾರ ಎಲ್ಲರೂ ಅಲ್ಲಿಗೆ ಬರೋಕೆ ಒಪ್ಪಿದಾರೆ. ಒಂದೇ ಮಾತು, ನೀವು ಬಂದು ಬೋಣಿ ಮಾಡಬೇಕಂತೆ. ಬರ್ತೀರಾ ಸರ್? ಆಟೋ ಕಳಿಸ್ತೀನಿ."

ಕೋದಂಡರಾಮಪ್ಪ ಉಬ್ಬಿಹೋದ. ಉಬ್ಬಿದ ಮರುಕ್ಷಣವೇ ಬಾಗಿಲಾಚೆಯ ಬೀದಿಯತ್ತ ತಿರುಗಿ ನೋಡಿದ. ಮಾರ್ಕೆಟ್ಟು ಹೋದರೆ ಬೆಳಗ್ಗೆ ಅವನು ಬಾಗಿಲು ತೆಗೆದಾಗ ಎದುರಿಗೆ ಏನಿರುತ್ತದೆ? ಅಗೆದ ಚರಂಡಿ, ಆಮೇಲೆ ಅಗಲವಾದ ಖಾಲಿ ರಸ್ತೆ. ಅಷ್ಟು ಜನ ಒಟ್ಟಿಗೆ ತಲೆಯೆತ್ತಿ "ಸಾರ್ ಬಂದ್ರು" ಎನ್ನುವ ಆ ಒಂದು ಗಳಿಗೆ, ರಿಟೈರಾದ ಮೇಲೆ ಅವನಿಗೆ ಉಳಿದಿದ್ದ ಏಕೈಕ ನೌಕರಿ, ಅದೂ ಹೋಗುತ್ತದೆ. ತನ್ನ ಕೈಯಿಂದಲೇ ಅದನ್ನು ಕಳಿಸಿಕೊಡು ಎನ್ನುತ್ತಿದ್ದಾಳೆ ಈ ಹುಡುಗಿ.

"ಅದಕ್ಕೇನಂತಮ್ಮ, ಬರ್ತೀನಿ" ಎಂದ.

ಅದೇ ಸಂಜೆ ಎದುರುಗಡೆಯ ಸ್ಟೀಲ್ ಪಾತ್ರೆ ಅಂಗಡಿಯ ಶ್ರೀನಿವಾಸಪ್ಪ ಬಂದು ಜಗಲಿಯ ಮೇಲೆ ಕೂತ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮೇಷ್ಟ್ರ ಕೈಲಿ ಒಟ್ಟಿಗೆ ಏಟು ತಿಂದವರು. ತರಕಾರಿಗೆ ಬಂದವರು ಹಾಗೇ ಒಂದು ಲೋಟವೋ ತಟ್ಟೆಯೋ ಕೊಳ್ಳುವುದರಿಂದಲೇ ಅವನ ಅಂಗಡಿ ನಡೆಯುತ್ತಿದ್ದದ್ದು.

"ಲೇ ಕೋದಂಡ, ಆ ಇಂಜಿನಿಯರಮ್ಮ ಬಂದಿದ್ಲಂತೆ. ಏನ್ಲಾ ಅಂದೆ ನೀನು?"

"ಏನೂ ಅಂದಿಲ್ಲ ಕಣೋ."

"ನೀನು ಅಲ್ಲಿಗೆ ಹೋದ್ಯೋ, ನನ್ನಂಗಡಿ ಬಾಗ್ಲು ನೀನೇ ಎಳೆದು ಬೀಗ ಹಾಕ್ದಂಗೆ. ನೀನು ಹೋಗ್ಲಿಲ್ಲ ಅಂದ್ರೆ ಇವ್ರ್ಯಾರೂ ಅಲ್ಲಿ ಬುಟ್ಟಿ ಬಿಚ್ಚಲ್ಲ, ಮಧ್ಯಾಹ್ನದೊಳಗೆ ವಾಪಸ್ ಬರ್ತಾರೆ. ಸುಮ್ನೆ ಮನೇಲಿರು, ಅಷ್ಟೇ ಸಾಕು."

"ನಾನ್ಯಾಕೋ ಹೋಗ್ಲಿ? ಹೋಗಲ್ಲ ಬಿಡು" ಎಂದ ಕೋದಂಡರಾಮಪ್ಪ, ಮತ್ತು ಇದನ್ನು ಹೇಳುವಾಗ ಅವನಿಗೆ ಅನಿತಳಿಗೆ ಹೇಳಿದ್ದಕ್ಕಿಂತ ಹಿತವಾಯಿತು.

ಇಬ್ಬರಿಗೂ ಹೂಂ ಎಂದಾಗಿತ್ತು. ಬಸ್ಸು ಕೆಟ್ಟು ನಿಂತಿದ್ದರೂ ಪ್ರಯಾಣಿಕರಿಗೆ "ಈಗ ಬಂತು" ಎಂದು ಹೇಳಿ ವರ್ಷಗಟ್ಟಲೆ ನಿಭಾಯಿಸಿದವನಿಗೆ ಇದೇನೂ ದೊಡ್ಡದಲ್ಲ. ಗುರುವಾರ ಸಂಜೆಯಿಂದ ಸ್ವಲ್ಪ ಕುಂಟತೊಡಗಿದ. ರಾತ್ರಿ ಊಟಕ್ಕೆ ಕೂರುವಾಗ "ಅಮ್ಮಾ" ಎಂದ. ಶುಕ್ರವಾರ ಬೆಳಗ್ಗೆ ಮೊಣಕಾಲಿಗೆ ಗಂಗರತ್ನಮ್ಮನ ಹಳೇ ಸೀರೆಯ ತುಂಡು ಸುತ್ತಿಕೊಂಡು ಹೊದ್ದು ಮಲಗಿಬಿಟ್ಟ.

ಹೊರಗೆ ಬೀದಿ ಮೌನವಾಗಿತ್ತು. ಎಷ್ಟೋ ವರ್ಷದ ಮೇಲೆ ಅವನಿಗೆ ಆ ಬೀದಿಯಲ್ಲಿ ಗುಬ್ಬಚ್ಚಿಯ ಸದ್ದು ಕೇಳಿಸಿತು. ಅದು ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಆಟೋ ಬಂತು, ಮೊಣಕಾಲಿನ ಸುದ್ದಿ ಕೇಳಿಕೊಂಡು ಖಾಲಿ ಹೋಯಿತು. ಆಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಅವನು ಅದನ್ನು ದಿಂಬಿನ ಕೆಳಗೆ ತಳ್ಳಿದ. ದಿಂಬಿನ ಕೆಳಗಿನಿಂದ ಅದು ನರಳುತ್ತಲೇ ಇತ್ತು.

ಗಂಗರತ್ನಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಳು. "ಮೊನ್ನೆ ಅಟ್ಟ ಹತ್ತಿ ಉಪ್ಪಿನಕಾಯಿ ಜಾಡಿ ಇಳಿಸಿದ ಮೊಣಕಾಲೇ ಅಲ್ವಾ ಇದು?"

"ಅದೇ, ಹತ್ತಿದ್ದಕ್ಕೇ ಉಳುಕಿರೋದು."

"ಬಟ್ಟೆ ಬಲಗಾಲಿಗೆ ಕಟ್ಟಿದೀರ. ನಿನ್ನೆ ಕುಂಟ್ತಾ ಇದ್ದದ್ದು ಎಡಗಾಲು."

ಕೋದಂಡರಾಮಪ್ಪ ಗೋಡೆಯ ಕಡೆ ಹೊರಳಿದ. ಹೆಂಡತಿಯ ಜೊತೆ ವಾದ ಮಾಡುವಷ್ಟು ಶಕ್ತಿ ರೋಗಿಗೆ ಇರುವುದಿಲ್ಲ. ಅವನು ಲೆಕ್ಕ ಹಾಕುತ್ತಿದ್ದದ್ದು ಬೇರೆ: ಇನ್ನೊಂದೆರಡು ಗಂಟೆ ಹೀಗೇ ಮಲಗಿದರೆ ಎಲ್ಲರೂ ಬುಟ್ಟಿ ಎತ್ತಿಕೊಂಡು ವಾಪಸ್ ಬರುತ್ತಾರೆ, ನಾಳೆಯಿಂದ ಬೀದಿ ಮೊದಲಿನಂತೆಯೇ ಆಗುತ್ತದೆ. ಯಾರಿಗೂ ಇದರಿಂದ ಕೆಡುಕೇನೂ ಇಲ್ಲ. ಆ ಹುಡುಗಿ ಚರಂಡಿಗೆ ಬೇರೆ ದಾರಿ ಹುಡುಕಿಕೊಳ್ಳಲಿ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಮುನಿಯಲ್ಲಮ್ಮನ ದನಿ ಕೇಳಿಸಿತು. ಶೇರ್ ಆಟೋ ಹತ್ತಿಕೊಂಡು ಒಬ್ಬಳೇ ಬಂದಿದ್ದಳು.

"ಅಮ್ಮಾ, ಸಾರ್ ಹೆಂಗವ್ರೆ? ಎಕ್ಕದೆಲೆ ತಂದಿವ್ನಿ. ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿ, ನೋವು ಎಳ್ಕಳ್ತದೆ."

"ಅವ್ರ ನೋವು ಎಲೆಗೆಲ್ಲ ಹೋಗೋದಲ್ಲ. ನೀನು ಕೂತ್ಕೋ ಬಾ. ಅಲ್ಲೇನಾಗ್ತಾ ಇದೆ?"

"ಏನಾಗ್ತದೆ, ಎಲ್ಲಾ ಸಾಲಾಗಿ ಕೂತವ್ರೆ. ಗಿರಾಕಿಗಳು ಬಂದು ಬೈಕೊಂಡು ನಿಂತವ್ರೆ. 'ಹಣ ಕೊಡ್ತೀವಿ ಅಂದ್ರೂ ಬೀನ್ಸ್ ಕೊಡಲ್ಲ ಅಂತಾರಲ್ಲ, ಇದೆಂಥ ಮಾರ್ಕೆಟ್ಟು' ಅಂತವ್ರೆ. ಪಾಪ, ಮೇಡಮ್ಮು ಅತ್ತಿಂದಿತ್ತ ಓಡಾಡ್ತಾ ಐತೆ. ಸಾರ್‌ಗೆ ಎದ್ದೇಳಕ್ಕಾಗ್ದಿದ್ರೆ ಬೇಡ ಬಿಡಿ, ಮಲಗಿದ್ದಂಗೇ ಒಂದು ಕಟ್ಟು ಮುಟ್ಟಿ ಕೊಟ್ಬಿಡ್ಲಿ, ಅದನ್ನೇ ತಗೊಂಡೋಗಿ ಬೋಣಿ ಆಯ್ತು ಅಂತೀನಿ. ಅದಕ್ಕೇ ಸೊಪ್ಪು ತಂದಿವ್ನಿ."

ಒಳಗೆ ಮಲಗಿದ್ದ ಕೋದಂಡರಾಮಪ್ಪನಿಗೆ ಹೊದಿಕೆ ಸೆಕೆಯೆನಿಸಿತು.

"ಒಂದು ಲೋಟ ನೀರು ಕೊಡಮ್ಮ" ಎಂದಳು ಮುನಿಯಲ್ಲಮ್ಮ. ನೀರು ಬಿದ್ದ ಸದ್ದು, ಗಟಗಟನೆ ಕುಡಿದ ಸದ್ದು. "ಇನ್ನೊಂದು ಕೊಡಮ್ಮ."

"ಇದೇನೇ ಇದು ಮುನಿಯಲ್ಲಮ್ಮ" ಎಂದಳು ಗಂಗರತ್ನಮ್ಮ. "ಇಷ್ಟು ವರ್ಷದಿಂದ ಬಿಸಿಲಲ್ಲಿ ಕೂತಿರ್ತೀಯ ಅಂತ ಮಜ್ಜಿಗೆ ತಂದುಕೊಟ್ರೂ ಬೇಡ ಅಂತಿದ್ದೆ. ನಮ್ಮನೇಲಿ ಕುಡಿಯಲ್ಲವೇನೋ ಅನ್ಕೊಂಡಿದ್ದೆ ನಾನು."

"ಅಯ್ಯೋ, ಅದಕ್ಕಲ್ಲಮ್ಮ." ಮುನಿಯಲ್ಲಮ್ಮ ನಕ್ಕಳು. "ಕುಡಿದ್ರೆ ಎಲ್ಲಿಗೋಗಾದು? ಊರಲ್ಲಿ ಮೊದಲ್ನೇ ಬಸ್ಸು ಹತ್ತಬೇಕಾದ್ರೆ ಬಾಯಿ ಕಟ್ಟಿದ್ರೆ, ತಿರುಗಿ ಮನೆ ಸೇರೋಗಂಟ ಒಂದು ತೊಟ್ಟು ನೀರು ಮುಟ್ತಿರ್ಲಿಲ್ಲ. ಗಂಡಸ್ರಾದ್ರೆ ಆ ಗೋಡೆ ಸಂದೀಗೆ ಹೋಯ್ತಾರೆ. ಬೀದೀಲಿ ಕೂತ ಹೆಂಗಸ್ರು ಏನ್ಮಾಡಾದು? ಎರಡು ಸಲ ಆಸ್ಪತ್ರೆ ಸೇರಿದ್ನಲ್ಲ, ನೀರು ಕುಡೀದೇ ಆಗಿರೋದು ಅಂತ ಡಾಕ್ಟ್ರು ಬೈದ್ರು. ಈಗ ಅಲ್ಲಿ ಬಾತ್ರೂಮು ಕಟ್ಸವ್ರೆ. ಅದೂ ಎದುರುಗಡೇಲೇ, ದೀಪ ಐತೆ, ಚಿಲಕ ಐತೆ. ಹಿಂದ್ಗಡೆ ಮೂಲೇಲಿ ಕಟ್ಬೇಕು ಅಂತಿದ್ರಂತೆ, ಮೇಡಮ್ಮೇ ಜಗಳ ಆಡಿ ಮುಂದಕ್ಕೆ ಹಾಕ್ಸಿದ್ದಂತೆ. ಬೆಳಗ್ಗೆ ಹೋಗಿ ನೋಡ್ಕೊಂಡು ಬಂದೆ. ಅದಕ್ಕೇ ಧೈರ್ಯವಾಗಿ ಕುಡೀತಾ ಇವ್ನಿ."

ಗಂಗರತ್ನಮ್ಮ ಖಾಲಿ ಲೋಟ ತೆಗೆದುಕೊಂಡು ಕೆಳಗಿಟ್ಟಳು. ಅವಳ ಬೆನ್ನ ಹಿಂದೆ, ಹಿತ್ತಲಲ್ಲೇ, ಅವರ ಮನೆಯ ಬಚ್ಚಲು ಇತ್ತು. "ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನೇನೇ?" ಎಂದಳು.

"ಹೆಂಗೆ ಕೇಳಾದಮ್ಮ? ದಿನಾ ಬೋಣಿ ಮಾಡೋ ಸಾರು. ನಾಚಿಕೆ ಆಗಲ್ವ? ಹೋಗ್ಲಿ ಬಿಡಿ. ಸಾರ್ ಕೈಗುಣ ದೊಡ್ಡದು, ಅವ್ರು ಬೋಣಿ ಮಾಡಿದ ದಿನ ಬೇಗ ಬುಟ್ಟಿ ಖಾಲಿ ಆಗ್ತಿತ್ತು, ಬೇಗ ಮನೆಗೋಯ್ತಿದ್ದೆ. ಅದಕ್ಕೇ ಅಲ್ವ ನಾನು ಅವರನ್ನೇ ಕಾಯ್ತಿದ್ದದ್ದು."

ಕೋದಂಡರಾಮಪ್ಪ ಎದ್ದು ಕೂತ. ಇಷ್ಟು ವರ್ಷ ಮುನಿಯಲ್ಲಮ್ಮ ತನ್ನ ದಾರಿ ಕಾಯುತ್ತಿದ್ದದ್ದು ಲಾಭಕ್ಕೆಂದು ಅವನು ತಿಳಿದಿದ್ದ. ತನ್ನ ಕೈಯಿಂದ ಅವಳ ಮನೆ ನಡೆಯುತ್ತದೆಂದು ಗಂಗರತ್ನಮ್ಮನ ಎದುರು ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದ. ದಿನಾ ಬೆಳಗ್ಗೆ ಅವಳೆದುರು ನಿಂತು, ನಕ್ಕು, ಸೊಪ್ಪು ತೆಗೆದುಕೊಂಡು, ಮನೆಗೆ ಬಂದು ಬಿಸಿ ಕಾಫಿ ಕುಡಿದು ಹಿತ್ತಲಿಗೆ ಹೋಗುತ್ತಿದ್ದವನಿಗೆ ಒಂದು ದಿನವೂ ಇದು ಹೊಳೆದಿರಲಿಲ್ಲ. ಅವನಿಗೆ ತನ್ನ ಬಗ್ಗೆಯೇ ತುಂಬಾ ನಾಚಿಕೆಯಾಯಿತು. ಇಂಥವಳನ್ನು ಮತ್ತೆ ಈ ಬೀದಿಗೆ ವಾಪಸ್ ತರಿಸಲು ತಾನು ಹೊದ್ದು ಮಲಗಿದ್ದೇನೆ ಎಂಬುದು ನೆನಪಾದಾಗ ಇನ್ನೂ ಹೆಚ್ಚಾಯಿತು.

ಅವನು ಪಂಚೆ ಬಿಗಿದುಕೊಂಡು, ಗೂಟದಲ್ಲಿದ್ದ ಅಂಗಿ ಎಳೆದುಕೊಂಡು, ಚೀಲ ಹಿಡಿದು ಹೊರಗೆ ಬಂದ. "ನಡೀ ಮುನಿಯಲ್ಲಮ್ಮ, ಹೊತ್ತಾಯ್ತು."

ಮುನಿಯಲ್ಲಮ್ಮ ಅವನ ಕಾಲನ್ನೇ ನೋಡಿದಳು. ಬಲಗಾಲಿನ ಸೀರೆಯ ತುಂಡು ಬಿಚ್ಚಿಕೊಂಡು ನೆಲ ಗುಡಿಸುತ್ತಾ ಬರುತ್ತಿತ್ತು. "ಸಾರ್, ಮೊಣಕಾಲು?"

"ಸರಿಹೋಯ್ತು."

"ಎಲೆ ಇನ್ನೂ ಕಟ್ಟೇ ಇಲ್ವಲ್ಲ" ಎಂದಳು ಅವಳು, ಎಕ್ಕದೆಲೆಯ ಶಕ್ತಿಗೆ ಬೆರಗಾಗಿ.

ಹೊಸ ಮಾರ್ಕೆಟ್ಟಿನಲ್ಲಿ ಶೇರ್ ಆಟೋ ನಿಂತಾಗ, ಕಟ್ಟೆಗಳ ಮೇಲೆ ಸಾಲಾಗಿ ಕೂತವರೆಲ್ಲ ಒಟ್ಟಿಗೆ ತಲೆಯೆತ್ತಿ ನೋಡಿದರು. ಬಸ್ ಸ್ಟ್ಯಾಂಡಿನ ಮೈಕಿಗೂ ಆ ಥರ ಜನ ತಿರುಗಿದ್ದಿಲ್ಲ. ಆಂಜಿ ಎದ್ದು ನಿಂತು "ಸಾರು ವಚ್ಚೇಶಾರು, ಸಾರ್ ಬಂದ್ರು" ಎಂದು ಕೂಗಿದ, ಗಿರಾಕಿಗಳು ದಾರಿ ಬಿಟ್ಟರು. ಕೋದಂಡರಾಮಪ್ಪ ಮೊದಲ ಕಟ್ಟೆಯಿಂದ ಕೊನೆಯ ಕಟ್ಟೆಯವರೆಗೆ ಒಂದನ್ನೂ ಬಿಡದೆ ಬೋಣಿ ಮಾಡಿದ. ಒಬ್ಬೊಬ್ಬರೆದುರೂ ನಿಂತು, ಮನಸ್ಸಿನಲ್ಲಿ ಒಳ್ಳೆಯದಾಗಲಿ ಎಂದುಕೊಂಡು, ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಹಾಗಲಕಾಯಿಯನ್ನೂ ಹಾಗೇ ತೆಗೆದುಕೊಂಡ. ಚೀಲ ತುಂಬಿತು, ಅನಿತ ತನ್ನ ದುಪ್ಪಟ್ಟಾ ಒಡ್ಡಿದಳು, ಅದೂ ತುಂಬಿತು. ಅಷ್ಟು ಹೊತ್ತು ಕಟ್ಟಿ ನಿಲ್ಲಿಸಿದ್ದ ವ್ಯಾಪಾರ ಒಮ್ಮೆಗೇ ಶುರುವಾಗಿ ಮಾರ್ಕೆಟ್ಟಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಂತಾಯಿತು.

"ನನ್ನ ಮೊಣಕಾಲಿಗೆ ಏನೂ ಆಗಿರ್ಲಿಲ್ಲಮ್ಮ" ಎಂದ ಅವನು ಅನಿತಳಿಗೆ.

"ಗೊತ್ತಿತ್ತು ಸರ್" ಎಂದಳು ಅನಿತ. "ನೀವು ಬರದೇ ಇದ್ರೆ ಏನು ಮಾಡೋದು ಅಂತ ಯೋಚನೆ ಮಾಡ್ತಿದ್ದೆ. ಏನೂ ಹೊಳೆದಿರ್ಲಿಲ್ಲ."

ವಾಪಸ್ ಬಂದಾಗ ಶ್ರೀನಿವಾಸಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಕೋದಂಡರಾಮಪ್ಪನ ಕೈಯಲ್ಲಿದ್ದ ಚೀಲವನ್ನು ನೋಡಿ ಮುಖ ತಿರುಗಿಸಿಕೊಂಡು ಒಳಗೆ ಹೋದ. ಲೋಟಗಳನ್ನು ಒಂದರೊಳಗೊಂದು ಇಡುವ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸಿತು. ಅವನು ಮಾತಾಡಲು ಯುಗಾದಿ ಬರಬೇಕಾಯಿತು. ಅಷ್ಟರಲ್ಲಿ ಚರಂಡಿಯ ಕೆಲಸ ಮುಗಿದು, ಮದುವೆಗೆ ಪಾತ್ರೆ ಕೊಳ್ಳುವವರ ಕಾರು ಅಂಗಡಿಯ ಮುಂದೆಯೇ ಬಂದು ನಿಲ್ಲುವಂತಾಗಿತ್ತು. ಲೋಟ ತಟ್ಟೆ ಹೋಗುವುದು ಕಡಿಮೆಯಾಗಿ ಅಡುಗೆಯ ದೊಡ್ಡ ಕೊಪ್ಪರಿಗೆಗಳು ಹೋಗುವುದು ಸ್ವಲ್ಪ ಹೆಚ್ಚಾಯಿತು. ಒಟ್ಟಿನಲ್ಲಿ ಲಾಭವೋ ನಷ್ಟವೋ ಎಂದು ಕೇಳಿದರೆ ಅವನು ಇಂದಿಗೂ ನಷ್ಟವೆಂದೇ ಹೇಳುತ್ತಾನೆ.

ಆ ಶುಕ್ರವಾರದ ನಂತರ ಕೋದಂಡರಾಮಪ್ಪನನ್ನು ಬೋಣಿಗೆ ಕರೆದೊಯ್ಯಲು ದಿನಾ ಬೆಳಗ್ಗೆ ಆಟೋ ಬರುತ್ತಿತ್ತು. ವ್ಯಾಪಾರಿಗಳೇ ಸೇರಿ ಗೊತ್ತು ಮಾಡಿದ್ದರು. ಅವನು ಆಟೋದಲ್ಲಿ ಹೋಗಿ ಆಟೋದಲ್ಲಿ ಬರುತ್ತಾ, ಇದು ಮೊದಲಿಗಿಂತ ಗೌರವದ ಏರ್ಪಾಡು ಎಂದು ಗಂಗರತ್ನಮ್ಮನಿಗೆ ಹೇಳಿದ. ಆಮೇಲೆ ಒಂದು ದಿನ ಆಟೋ ತಡವಾಗಿ ಬಂತು. ಮತ್ತೊಂದು ದಿನ ಅವನು ಚೀಲ ಹಿಡಿದು ಜಗಲಿಯಲ್ಲಿ ನಿಂತೇ ಇದ್ದ, ಬರಲೇ ಇಲ್ಲ.

"ನೀವೇ ಹೋಗಿ ಬನ್ನಿ" ಎಂದಳು ಗಂಗರತ್ನಮ್ಮ, ಅವನ ಮುಖ ನೋಡಲಾರದೆ. "ಬೀನ್ಸ್ ಒಂದು ತನ್ನಿ, ಸೊಪ್ಪು ಒಂದು ತನ್ನಿ. ಬೇರೇನೂ ಬೇಡ."

ಅವನು ನಡೆದೇ ಹೋದ. ಮಾರ್ಕೆಟ್ಟು ಆಗಲೇ ಗಿಜಿಗುಡುತ್ತಿತ್ತು. ತಿರುಪತಿಯ ಕಡೆ ಹೊರಟವರು ಬೈಪಾಸಿನಲ್ಲಿ ಕಾರು ನಿಲ್ಲಿಸಿ ನಿಂಬೆಹಣ್ಣು ಆರಿಸುತ್ತಿದ್ದರು. ಶಿಫ್ಟಿಗೆ ಹೋಗುವ ಹುಡುಗಿಯರು, ಹೋಟೆಲಿನವರು, ಟೆಂಪೋದಿಂದ ಮೂಟೆ ಇಳಿಸುವವರು ಎಲ್ಲರೂ ಅವನನ್ನು ಬಳಸಿಕೊಂಡು ಓಡಾಡಿದರು. ಯಾರೂ ತಲೆಯೆತ್ತಲಿಲ್ಲ. ಆಂಜಿ ಒಂದು ಕೈ ಎತ್ತಿ ನಮಸ್ಕಾರ ಮಾಡಿ, ಇನ್ನೊಂದು ಕೈಯಲ್ಲಿ ತೂಗುವುದನ್ನು ಮುಂದುವರಿಸಿದ.

ಮುನಿಯಲ್ಲಮ್ಮನ ಕಟ್ಟೆಯ ಮುಂದೆ ಅವನು ಒಂದು ಗಳಿಗೆ ನಿಂತ. ಅರ್ಧ ರಾಶಿ ಖರ್ಚಾಗಿತ್ತು.

"ಬೋಣಿ ಆಗಿದೆ ಅಂತ ಕಾಣ್ಸುತ್ತೆ" ಎಂದ.

"ಆಗಲೇ ಆಯ್ತು ಸಾರ್. ಇನ್ನೂ ಕತ್ತಲಿದ್ದಂಗೇ ಯಾರೋ ಲಾರಿಯೋನು ಬಂದು ತಗೊಂಡ. ಇಲ್ಲಿ ಕಾಯೋಕೇ ಬಿಡಲ್ಲ ಜನ." ಅವಳು ಹೇಳಿದ್ದರಲ್ಲಿ ಕುಹಕವೂ ಇರಲಿಲ್ಲ, ಕ್ಷಮೆ ಕೇಳುವ ಧಾಟಿಯೂ ಇರಲಿಲ್ಲ.

ಕೋದಂಡರಾಮಪ್ಪನಿಗೆ ನೋವಾಯಿತು. ಮೈಕನ್ನು ಇನ್ನೊಬ್ಬನ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿನಿಂದ ಹೊರಗೆ ಬಂದ ದಿನದಷ್ಟೇ ಆಯಿತು. ಏನು ಮಾಡಬೇಕೆಂದು ತೋಚದೆ ಒಂದು ಕಟ್ಟು ದಂಟಿನ ಸೊಪ್ಪನ್ನು ಕೈಗೆತ್ತಿಕೊಂಡ.

"ಅದು ಬೇಡ ಸಾರ್, ಬಲಿತದೆ. ಇದು ತಗಳಿ" ಎಂದು ಮುನಿಯಲ್ಲಮ್ಮ ಕೆಳಗಿನಿಂದ ಬೇರೆ ಕಟ್ಟು ತೆಗೆದುಕೊಟ್ಟಳು. ಆಮೇಲೆ ಸೆರಗು ಕೊಡವಿಕೊಂಡು ಎದ್ದು ನಿಂತಳು. "ಸಾರ್, ಒಂಚೂರು ಇಲ್ಲಿ ಕೂತಿರಿ. ನಾನು ಹೋಗಿ ಬರ್ತೀನಿ."

ಅವಳು ಉತ್ತರಕ್ಕೂ ಕಾಯದೆ ಹೊರಟಳು. ಕೋದಂಡರಾಮಪ್ಪ ಕಟ್ಟೆಯ ಹಿಂದೆ ಹೋಗಿ, ಅವಳ ಗೋಣಿಚೀಲದ ಮೇಲೆ, ಸೊಪ್ಪಿನ ರಾಶಿಯ ನಡುವೆ ಕೂತ. ಹೆಲ್ಮೆಟ್ಟು ತೆಗೆಯದ ಒಬ್ಬ ಗಿರಾಕಿ ಬಂದು ಮೆಂತ್ಯದ ಸೊಪ್ಪನ್ನು ಎತ್ತಿ ಹಿಡಿದ.

"ಕಟ್ಟು ಹೇಗೆ ಯಜಮಾನ್ರೇ?"

ಇಷ್ಟು ವರ್ಷ ದಿನಾ ಕೊಂಡಿದ್ದ ಕೋದಂಡರಾಮಪ್ಪನಿಗೆ ಒಂದು ಕಟ್ಟು ಸೊಪ್ಪಿನ ಬೆಲೆ ಗೊತ್ತಿರಲಿಲ್ಲ.

"ನಂಗೊತ್ತಿಲ್ಲಪ್ಪ. ಅಂಗಡಿಯೋರು ಬಾತ್ರೂಮಿಗೆ ಹೋಗಿದಾರೆ."

"ಬೇಗ ಬರೋಕೆ ಹೇಳಿ, ಡ್ಯೂಟಿಗೆ ಹೊತ್ತಾಯ್ತು. ಕೂಗಿ ಕರೀರಿ ಸ್ವಲ್ಪ."

ಕೋದಂಡರಾಮಪ್ಪ ತಿರುಗಿ ನೋಡಿದ. ಮುನಿಯಲ್ಲಮ್ಮ ಆ ಕಡೆ ಬಾಗಿಲಿಂದ ಹೊರಗೆ ಬಂದು, ನಲ್ಲಿಯಲ್ಲಿ ಕೈಕಾಲು ತೊಳೆದು, ಬೊಗಸೆಯಲ್ಲಿ ನೀರು ಹಿಡಿದು ಕುಡಿಯುತ್ತಿದ್ದಳು. ಕುಡಿದು, ಮತ್ತೆ ಹಿಡಿದು, ಮತ್ತೆ ಕುಡಿದಳು.

"ಕೂಗಲ್ಲ" ಎಂದ ಅವನು ಗಿರಾಕಿಗೆ. "ನಿಧಾನಕ್ಕೆ ಬರ್ಲಿ. ಅವಸರ ಇದ್ರೆ ನೀವು ಬೇರೆ ಕಡೆ ತಗೊಳ್ಳಿ."